ಕೈ ಹಿಡಿದವರು, ಕೈ ಕೊಟ್ಟವರು: ಗಂಡು ಹೆಣ್ಣಿನ ಒಲವು ಮತ್ತು ನಂಬಿಕೆಯ ಲೆಕ್ಕ

ಮಂಡ್ಯ, ಮೈಸೂರು ಕಡೆಯ ಮಾತಿನಲ್ಲಿ ಮದುವೆಯಾದವನು ‘ಕೈ ಹಿಡಿದವನು’, ನಂಬಿಸಿ ಹೊರಟುಹೋದವನು ‘ಕೈ ಕೊಟ್ಟವನು’, ಕಷ್ಟ ಬಂದಾಗ ಜಾರಿಕೊಂಡವನು ‘ಕೈ ಬಿಟ್ಟವನು’. ಒಲವಿಗೂ ಮೋಸಕ್ಕೂ ತೊರೆಯುವುದಕ್ಕೂ ನಮ್ಮ ಭಾಷೆಗೆ ಒಂದೇ ಕೈ ಸಾಕಾಗಿದೆ. ಕೈ ಕೊಡುವುದರಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲ. ಟೀ ಅಂಗಡಿಯ ಮುಂದೆ ನಿಂತ ಹುಡುಗರು ‘ಅವಳು ಕೈ ಕೊಟ್ಟಳು’ ಎಂದು ಹಲುಬುವುದನ್ನು ಎಲ್ಲರೂ ಕೇಳಿದ್ದೇವೆ. ಭೇದವಿರುವುದು ಕೈ ಹಿಡಿಯುವುದರಲ್ಲಿ. ‘ಕೈ ಹಿಡಿದ ಗಂಡ’ ಎಂದರೂ ‘ಕೈ ಹಿಡಿದ ಹೆಂಡತಿ’ ಎಂದರೂ ಹಿಡಿದ ಕೈ ಗಂಡಿನದು, ಹಿಡಿಸಿಕೊಂಡ ಕೈ ಹೆಣ್ಣಿನದು.

ಇದೇ ಸೀಮೆಯ ಇನ್ನೊಂದು ಮಾತು ‘ನೆಚ್ಚಿಕೊಳ್ಳುವುದು’. ಹೆಂಗಸರು ಗಂಡನ ವಿಷಯ ಬಂದಾಗ ‘ಅವರನ್ನ ನೆಚ್ಕೊಂಡು ಬಂದಿದೀನಿ’ ಎನ್ನುತ್ತಾರೆ. ಗಂಡಸರು ಹೆಂಡತಿಯ ವಿಷಯದಲ್ಲಿ ‘ಅವಳ ಮೇಲೆ ನಂಬಿಕೆ ಇದೆ’ ಎನ್ನುತ್ತಾರೆಯೇ ಹೊರತು ಅವಳನ್ನು ನೆಚ್ಚಿಕೊಂಡು ಬಂದೆ ಎನ್ನುವುದು ಅಪರೂಪ, ಏಕೆಂದರೆ ಅವರು ಎಲ್ಲಿಗೂ ಬಂದಿರುವುದಿಲ್ಲ. ಮೊದಲನೆಯ ಮಾತು ತನ್ನ ಭಾರವನ್ನೆಲ್ಲ ಇನ್ನೊಬ್ಬರ ಮೇಲೆ ಹೊರಿಸಿದವಳ ಮಾತು, ಎರಡನೆಯದು ಇನ್ನೊಬ್ಬರ ನಡತೆಯ ಬಗ್ಗೆ ಕೊಡುವ ತೀರ್ಪು. ಪ್ರೀತಿ ಮತ್ತು ನಂಬಿಕೆಯಲ್ಲಿ ಗಂಡು ಹೆಣ್ಣಿಗೆ ಇರುವ ವ್ಯತ್ಯಾಸವೇನು, ಮದುವೆಯಾದವರಲ್ಲಿ ಅದು ಹೇಗಿರುತ್ತದೆ, ಆಗದವರಲ್ಲಿ ಹೇಗಿರುತ್ತದೆ ಎಂದು ಕಳೆದ ಐವತ್ತು ವರ್ಷಗಳಿಂದ ಮನೋವಿಜ್ಞಾನಿಗಳೂ ಸಮಾಜವಿಜ್ಞಾನಿಗಳೂ ಅಳೆಯುತ್ತಾ ಬಂದಿದ್ದಾರೆ. ಅವರ ಅಳತೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ನನಗೆ ಕಾಣುವುದು ಇಷ್ಟು: ಪ್ರೀತಿಯ ಪ್ರಮಾಣದಲ್ಲಿ ಇಬ್ಬರಿಗೂ ಹೆಚ್ಚಿನ ಅಂತರವಿಲ್ಲ, ಅಂತರವಿರುವುದು ನಂಬಿಕೆ ಮುರಿದರೆ ಯಾರು ಎಷ್ಟು ಕಳೆದುಕೊಳ್ಳುತ್ತಾರೆ ಎಂಬುದರಲ್ಲಿ, ಮತ್ತು ಆ ನಷ್ಟದ ಲೆಕ್ಕವೇ ಹೊರಗಿನವರ ಕಣ್ಣಿಗೆ ಸ್ವಭಾವದ ವ್ಯತ್ಯಾಸವಾಗಿ ಕಾಣುತ್ತದೆ.

ಮೊದಲು ಪ್ರೀತಿಯ ಅಳತೆಯನ್ನು ನೋಡೋಣ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಜಿಕ್ ರೂಬಿನ್ ಎಂಬ ಮನೋವಿಜ್ಞಾನಿ 158 ಅವಿವಾಹಿತ ಜೋಡಿಗಳನ್ನು ಪ್ರಶ್ನಿಸಿ 1970ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ಪ್ರೀತಿ ಬೇರೆ, ಮೆಚ್ಚುಗೆ ಬೇರೆ ಎಂಬುದು ಅವರ ಮೂಲ ವಾದ. ಅಂಟಿಕೊಂಡಿರುವ ಬಯಕೆ, ಆ ವ್ಯಕ್ತಿಗಾಗಿ ಏನನ್ನಾದರೂ ಮಾಡುವ ಮನಸ್ಸು, ಒಳಗಿನದನ್ನು ಹೇಳಿಕೊಳ್ಳುವ ಸಲಿಗೆ ಇವು ಪ್ರೀತಿಯ ಲಕ್ಷಣಗಳಾದರೆ, ಆ ವ್ಯಕ್ತಿ ಬುದ್ಧಿವಂತ, ಜವಾಬ್ದಾರಿಯ ಕೆಲಸಕ್ಕೆ ತಕ್ಕವನು, ಅವನ ತೀರ್ಮಾನ ಸರಿಯಾಗಿರುತ್ತದೆ ಎಂಬ ಗೌರವ ಮೆಚ್ಚುಗೆಯ ಲಕ್ಷಣ. ಒಂದೊಂದಕ್ಕೂ 13 ಹೇಳಿಕೆಗಳು, ಗರಿಷ್ಠ 117 ಅಂಕ. ಪ್ರೀತಿಯಲ್ಲಿ ಹುಡುಗರ ಸರಾಸರಿ 89.37, ಹುಡುಗಿಯರದು 89.46. ಕೂದಲೆಳೆಯಷ್ಟು ಅಂತರವೂ ಅಲ್ಲ. ಮೆಚ್ಚುಗೆಯಲ್ಲಿ ಮಾತ್ರ ಅಂತರ ಕಂಡಿತು: ಹುಡುಗಿಯರು ಹುಡುಗರನ್ನು ಮೆಚ್ಚಿದಷ್ಟು ಹುಡುಗರು ಹುಡುಗಿಯರನ್ನು ಮೆಚ್ಚಿರಲಿಲ್ಲ, ಅದರಲ್ಲೂ ಬುದ್ಧಿ, ತೀರ್ಮಾನ, ಮುಂದಾಳ್ತನಕ್ಕೆ ಸಂಬಂಧಿಸಿದ ಹೇಳಿಕೆಗಳಲ್ಲಿ. ಅಂದರೆ ಇಬ್ಬರೂ ಸಮನಾಗಿ ಪ್ರೀತಿಸುತ್ತಿದ್ದರು, ಸಮನಾಗಿ ಗೌರವಿಸುತ್ತಿರಲಿಲ್ಲ. ‘ಅವಳನ್ನ ಪ್ರಾಣಕ್ಕಿಂತ ಹೆಚ್ಚಾಗಿ ಪ್ರೀತಿಸ್ತೀನಿ, ಆದರೆ ಅವಳಿಗೆ ಇದೆಲ್ಲ ಅರ್ಥ ಆಗಲ್ಲ’ ಎನ್ನುವ ಗಂಡಂದಿರು ನಮ್ಮಲ್ಲಿ ಎಷ್ಟು ಮಂದಿ ಎಂದು ನೆನೆದರೆ, ಮಿಷಿಗನ್ ಅಷ್ಟೇನೂ ದೂರದ ಊರಲ್ಲ.

ಹೆಣ್ಣಿನದು ಹೃದಯ, ಗಂಡಿನದು ತಲೆ ಎಂಬ ಮಾತಿಗೂ ದಾಖಲೆಗಳ ಬೆಂಬಲ ಸಿಗುವುದಿಲ್ಲ. 1970ರ ದಶಕದಲ್ಲಿ ಬಾಸ್ಟನ್ ನಗರದ 231 ಜೋಡಿಗಳನ್ನು ಎರಡು ವರ್ಷ ಹಿಂಬಾಲಿಸಿದ ಅಧ್ಯಯನದಲ್ಲಿ 103 ಜೋಡಿಗಳು ಬೇರೆಯಾದವು. ಸಂಬಂಧ ಮುರಿಯುವ ಮಾತನ್ನು ಹೆಚ್ಚಾಗಿ ಎತ್ತಿದವರು ಹುಡುಗಿಯರು, ಮುರಿದ ಮೇಲೆ ಹೆಚ್ಚು ಕುಗ್ಗಿದವರು ಹುಡುಗರು. ಹುಡುಗರು ಬೇಗ ಪ್ರೀತಿಗೆ ಬಿದ್ದು ತಡವಾಗಿ ಹೊರಬರುತ್ತಾರೆ, ಹುಡುಗಿಯರು ನಿಧಾನವಾಗಿ ಬಿದ್ದು ಬೇಗ ಏಳುತ್ತಾರೆ ಎಂದು ಸಂಶೋಧಕರು ಅರ್ಥೈಸಿದರು. 2011ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ‘ನಾನು ನಿನ್ನನ್ನು ಪ್ರೀತಿಸುತ್ತೇನೆ’ ಎಂದು ಮೊದಲು ಹೇಳುವವರು ಯಾರೆಂದು ಕೇಳಿತು. ಹೆಂಗಸರೇ ಇರಬೇಕು ಎಂದು ಹೆಚ್ಚಿನವರು ಊಹಿಸಿದರು; ವಾಸ್ತವದಲ್ಲಿ ಮೊದಲು ಹೇಳಿದವರಲ್ಲಿ ಗಂಡಸರೇ ಹೆಚ್ಚಾಗಿದ್ದರು. ಗಂಡಸರಿಗೆ ಮನಸ್ಸು ಮೃದು ಎಂದು ಇದರಿಂದ ತೀರ್ಮಾನಿಸಬೇಕಿಲ್ಲ. ಬೇಗ ಹೇಳಿಬಿಡಬಲ್ಲವರು ಹೇಳಿದರೆ ಕಳೆದುಕೊಳ್ಳುವುದು ಕಡಿಮೆ ಇರುವವರು. ತಡಮಾಡುವವಳು ತಣ್ಣಗಿದ್ದಾಳೆಂದಲ್ಲ, ಅವಳು ನೋಡಿಕೊಳ್ಳುತ್ತಿರುತ್ತಾಳೆ.

ನೋಡಿಕೊಳ್ಳುವುದೆಂದರೆ ಏನನ್ನು ಎಂಬುದಕ್ಕೆ ನಂಬಿಕೆಯ ಒಳರಚನೆ ತಿಳಿಯಬೇಕು. ಕೆನಡಾದ ಜಾನ್ ರೆಂಪೆಲ್, ಜಾನ್ ಹೋಮ್ಸ್ ಮತ್ತು ಮಾರ್ಕ್ ಜಾನ್ನಾ 1985ರಲ್ಲಿ ಆಪ್ತ ಸಂಬಂಧಗಳ ನಂಬಿಕೆಯನ್ನು ಮೂರು ಪದರಗಳಾಗಿ ಬಿಡಿಸಿ ತೋರಿಸಿದರು. ಮೊದಲನೆಯ ಪದರ ಎಣಿಕೆಯದು: ಈ ವ್ಯಕ್ತಿ ನಾಳೆ ಹೇಗೆ ನಡೆದುಕೊಳ್ಳುತ್ತಾನೆ ಎಂದು ಇಂದು ಊಹಿಸಬಹುದೇ? ಸಂಬಳ ಬಂದ ದಿನ ನೆಟ್ಟಗೆ ಮನೆಗೆ ಬರುತ್ತಾನೋ, ಬಾರಿಗೆ ಹೋಗುತ್ತಾನೋ? ಎರಡನೆಯದು ಆಸರೆಯದು: ನನಗೆ ಕಷ್ಟವಾದ ದಿನ ಇವನು ನಿಲ್ಲುತ್ತಾನೆಯೇ? ಇಲ್ಲಿ ಒಂದೊಂದು ನಡವಳಿಕೆಯನ್ನಲ್ಲ, ಇಡೀ ಮನುಷ್ಯನನ್ನು ತೂಗುತ್ತೇವೆ. ಮೂರನೆಯದು ಭರವಸೆಯದು: ಇದುವರೆಗೆ ಎದುರಾಗದ, ಯಾವ ಅನುಭವವೂ ಪುರಾವೆ ಕೊಡಲಾರದ ಸಂದರ್ಭದಲ್ಲೂ ಇವನು ನನ್ನವನಾಗಿಯೇ ಇರುತ್ತಾನೆ ಎಂಬ ಎದೆಗಾರಿಕೆ. ಎಣಿಕೆಗೆ ಸಾಕ್ಷ್ಯ ಬೇಕು, ಆಸರೆಗೆ ಪರೀಕ್ಷೆ ಬೇಕು, ಭರವಸೆ ಸಾಕ್ಷ್ಯ ಮುಗಿದ ಕಡೆ ಶುರುವಾಗುತ್ತದೆ. ಪ್ರೀತಿಯೊಂದಿಗೆ ಹೆಚ್ಚು ಗಟ್ಟಿಯಾಗಿ ಹೆಣೆದುಕೊಂಡಿದ್ದದ್ದು ಈ ಮೂರನೆಯ ಪದರವೇ. ಇದೇ ಅಧ್ಯಯನದಲ್ಲಿ ಹೆಂಗಸರು ಸಂಬಂಧವನ್ನು ನೋಡುವ ಬಗೆ ಗಂಡಸರದಕ್ಕಿಂತ ಹೆಚ್ಚು ಸಂಕೀರ್ಣವಾಗಿ, ಮೂರೂ ಪದರಗಳ ಎಳೆಗಳು ಒಂದಕ್ಕೊಂದು ಬಿಗಿಯಾಗಿ ಹೆಣೆದುಕೊಂಡಿರುವಂತೆ ಕಂಡುಬಂತು.

ಈ ಸಂಕೀರ್ಣತೆ ಹುಟ್ಟುಗುಣವೆಂದು ನನಗೆ ತೋರುವುದಿಲ್ಲ. ಕೊಳ್ಳುವ ಮುನ್ನ ಬಟ್ಟೆಯ ನೇಯ್ಗೆಯನ್ನು ಬೆಳಕಿಗೆ ಹಿಡಿದು ನೋಡುವವರು ವರ್ಷಕ್ಕೊಂದೇ ಸೀರೆ ಕೊಳ್ಳುವವರು. ಯಾರ ಬದುಕಿನ ಹೆಚ್ಚಿನ ಭಾಗ ಒಂದು ತೀರ್ಮಾನದ ಮೇಲೆ ನಿಂತಿರುತ್ತದೋ ಅವರು ಆ ತೀರ್ಮಾನದ ಎಳೆಗಳನ್ನು ಬಿಡಿಬಿಡಿಯಾಗಿ ನೋಡಲು ಕಲಿಯುತ್ತಾರೆ. ‘ಮನುಷ್ಯ ಒಳ್ಳೆಯವರು, ಆದರೆ ದುಡ್ಡಿನ ವಿಷಯದಲ್ಲಿ ನೆಚ್ಚೋಕಾಗಲ್ಲ’, ‘ಕುಡಿಯಲ್ಲ, ಆದರೆ ಅಮ್ಮನ ಮುಂದೆ ನನ್ನ ಪರ ಒಂದು ಮಾತಾಡಲ್ಲ’ ಎಂಬಂಥ ವಾಕ್ಯಗಳನ್ನು ಹೆಂಗಸರು ಲೀಲಾಜಾಲವಾಗಿ ಆಡುತ್ತಾರೆ. ಒಂದೇ ಗಂಡನನ್ನು ಒಂದು ವಿಷಯಕ್ಕೆ ನಂಬಿ ಇನ್ನೊಂದಕ್ಕೆ ನಂಬದೆ ಸಂಸಾರ ನಡೆಸುತ್ತಾರೆ. ಗಂಡಸರ ಮಾತಿನಲ್ಲಿ ಈ ವಿಂಗಡಣೆ ಕಡಿಮೆ: ನಂಬಿಕೆ ಇದೆ, ಅಥವಾ ಇಲ್ಲ. ಅಷ್ಟೇ.

ನಂಬುವುದು ಬೇರೆ, ನಂಬಿಕೆಗೆ ಯೋಗ್ಯರಾಗಿರುವುದು ಬೇರೆ ಎಂಬುದನ್ನೂ ಇಲ್ಲಿ ಹೇಳಬೇಕು. ಅರ್ಥಶಾಸ್ತ್ರಜ್ಞರು 1995ರಲ್ಲಿ ರೂಪಿಸಿದ ಒಂದು ಆಟವಿದೆ. ನಿಮ್ಮ ಕೈಯಲ್ಲಿರುವ ಹಣದಲ್ಲಿ ಇಷ್ಟಬಂದಷ್ಟನ್ನು ಅಪರಿಚಿತನಿಗೆ ಕಳಿಸುತ್ತೀರಿ. ದಾರಿಯಲ್ಲಿ ಅದು ಮೂರು ಪಟ್ಟಾಗುತ್ತದೆ. ಅವನು ಮನಸ್ಸಿದ್ದರೆ ಒಂದಷ್ಟನ್ನು ಮರಳಿಸುತ್ತಾನೆ, ಇಲ್ಲದಿದ್ದರೆ ಇಲ್ಲ. ಇಂಥ ಹಲವಾರು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ ಗಂಡಸರು ತುಸು ಹೆಚ್ಚು ಹಣ ಕಳಿಸುತ್ತಾರೆಂದು ತಿಳಿಯಿತು, ಆದರೆ ಮರಳಿಸುವುದರಲ್ಲಿ ಗಂಡು ಹೆಣ್ಣಿಗೆ ವ್ಯತ್ಯಾಸ ಕಾಣಲಿಲ್ಲ. ಅಪರಿಚಿತರ ನಡುವಿನ ಆಟ ದಾಂಪತ್ಯಕ್ಕೆ ಕನ್ನಡಿಯಲ್ಲ, ಸರಿ. ಆದರೂ ಹೆಂಗಸರು ಹೆಚ್ಚು ಪ್ರಾಮಾಣಿಕರು ಎಂಬ ಹೊಗಳಿಕೆಯನ್ನೂ ಹೆಣ್ಣನ್ನು ನಂಬಬಾರದು ಎಂಬ ಹಳೆಯ ಗಾದೆಗಳನ್ನೂ ಅದು ಒಟ್ಟಿಗೇ ಬದಿಗೆ ಸರಿಸುತ್ತದೆ.

ಮದುವೆಯಾಗದವರ ವಿಷಯಕ್ಕೆ ಬರೋಣ. ಸಂಜೆ ಐದರ ಮೇಲೆ ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆದರೆ, ವಿಶ್ವವಿದ್ಯಾಲಯದ ಆವರಣವಾದ ಮಾನಸಗಂಗೋತ್ರಿಯ ಕಡೆಯಿಂದ ಬಂದು ಕಲ್ಲುಬೆಂಚುಗಳ ಮೇಲೆ ಕುಳಿತ ಜೋಡಿಗಳು ಸಿಗುತ್ತವೆ. ಗಮನಿಸಿದವರಿಗೆ ಒಂದು ಸಂಗತಿ ತಿಳಿದಿರುತ್ತದೆ: ಬೆಂಚಿನಲ್ಲಿ ಹುಡುಗ ನೀರಿನ ಕಡೆಗೆ ನೋಡುತ್ತಿರುತ್ತಾನೆ, ಹುಡುಗಿ ದಾರಿಯ ಕಡೆಗೆ. ಪರಿಚಿತರು ಯಾರಾದರೂ ಬಂದಾರೇ ಎಂಬ ಎಚ್ಚರ ಅವಳ ಕತ್ತಿನಲ್ಲಿಯೇ ಇರುತ್ತದೆ. ಸಂಬಂಧ ಮುರಿದರೆ ಹುಡುಗನಿಗೆ ನೋವು, ಒಂದಷ್ಟು ಗಡ್ಡ. ಸುದ್ದಿ ಮನೆ ಮುಟ್ಟಿದರೆ ಹುಡುಗಿಗೆ ಕಾಲೇಜು ನಿಲ್ಲಬಹುದು, ಫೋನು ಹೋಗಬಹುದು, ಅವಸರದ ಮದುವೆ ಗೊತ್ತಾಗಬಹುದು. ಹೀಗಿರುವಾಗ ‘ನನ್ನ ಮೇಲೆ ನಂಬಿಕೆ ಇಲ್ವಾ?’ ಎಂದು ಅವನು ಕೇಳುವ ಪ್ರಶ್ನೆ ಇಬ್ಬರಿಗೂ ಒಂದೇ ಬೆಲೆಯದಲ್ಲ. ಒಂದು ಫೋಟೊ ಕಳಿಸು ಎಂಬ ಬೇಡಿಕೆಯಲ್ಲಿ ಅವನು ಕೇಳುತ್ತಿರುವುದು ಪ್ರೀತಿಯ ಗುರುತು, ಅವಳು ಕೊಡಬೇಕಾದದ್ದು ತನ್ನನ್ನು ಮುಂದೆಂದಾದರೂ ಹಣಿಯಬಹುದಾದ ಆಯುಧ. ಪಾಸ್‌ವರ್ಡ್ ಹಂಚಿಕೊಳ್ಳುವುದು, ಲೊಕೇಶನ್ ಸದಾ ತೆರೆದಿಡುವುದು ಈಗಿನವರಲ್ಲಿ ನಂಬಿಕೆಯ ಪುರಾವೆಯಾಗಿ ನಡೆಯುತ್ತಿದೆ. ರೆಂಪೆಲ್ ತಂಡದ ಭಾಷೆಯಲ್ಲಿ ಹೇಳುವುದಾದರೆ ಅದು ಎಣಿಕೆಯ ಪದರವನ್ನು ಮಾತ್ರ ತುಂಬಿಸುತ್ತದೆ, ಏಕೆಂದರೆ ಅವಳು ಎಲ್ಲಿದ್ದಾಳೆಂದು ಕ್ಷಣಕ್ಷಣಕ್ಕೂ ತಿಳಿಯುವವನಿಗೆ ಭರವಸೆಯನ್ನು ಬೆಳೆಸಿಕೊಳ್ಳುವ ಅಗತ್ಯವೇ ಬೀಳುವುದಿಲ್ಲ.

ವಿಲ್ಲರ್ಡ್ ವಾಲರ್ ಎಂಬ ಸಮಾಜಶಾಸ್ತ್ರಜ್ಞ 1938ರಲ್ಲಿಯೇ ಒಂದು ಸೂತ್ರವನ್ನು ಹೇಳಿದ್ದರು: ಸಂಬಂಧ ಉಳಿಯಬೇಕೆಂಬ ಆಸೆ ಯಾರಿಗೆ ಕಡಿಮೆಯೋ ಅವರ ಕೈಯಲ್ಲಿ ಅದರ ಲಗಾಮು ಇರುತ್ತದೆ. ಅವಿವಾಹಿತ ಜೋಡಿಗಳಲ್ಲಿ ಲಗಾಮು ಕೈ ಬದಲಾಯಿಸುವುದನ್ನು ಈ ಸೂತ್ರ ಚೆನ್ನಾಗಿ ವಿವರಿಸುತ್ತದೆ. ಆರಂಭದಲ್ಲಿ ಹಿಂದೆ ಬಿದ್ದವನು ಹುಡುಗ, ಆಗ ಲಗಾಮು ಅವಳದು. ಅವಳು ಒಪ್ಪಿ, ಗೆಳತಿಯರಿಗೆ ತಿಳಿದು, ಊರಿಗೆ ಅರ್ಧ ಗೊತ್ತಾದ ಮೇಲೆ ಸಂಬಂಧ ಮದುವೆಯಲ್ಲಿ ಮುಗಿಯಲೇಬೇಕಾದ ಒತ್ತಡ ಅವಳ ಮೇಲೆ ಬೀಳುತ್ತದೆ, ಲಗಾಮು ಅವನ ಕಡೆ ಸರಿಯುತ್ತದೆ. ‘ಮದುವೆ ಯಾವಾಗ?’ ಎಂದು ಅವಳು ಪದೇ ಪದೇ ಕೇಳುವುದೂ ‘ಅಪ್ಪನ ಹತ್ತಿರ ಮಾತಾಡ್ತೀನಿ’ ಎಂದು ಅವನು ಮುಂದೂಡುವುದೂ ಇಬ್ಬರ ಪ್ರೀತಿಯ ಪ್ರಮಾಣಕ್ಕಿಂತ ಹೆಚ್ಚಾಗಿ ಈ ಸರಿದಾಟವನ್ನೇ ತೋರಿಸುತ್ತವೆ.

ಕಾನೂನು ಈ ಅಸಮತೆಯನ್ನು ತಡವಾಗಿಯಾದರೂ ಗುರುತಿಸಿದೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ‘ವಿವಾಹದ ಸ್ವರೂಪದ ಸಂಬಂಧ’ದಲ್ಲಿರುವ ಹೆಣ್ಣಿಗೂ ರಕ್ಷಣೆ ಕೊಟ್ಟಿತು. ಅಂಥ ಸಂಬಂಧಕ್ಕೆ ಇಬ್ಬರೂ ವಿವಾಹಯೋಗ್ಯ ವಯಸ್ಸಿನವರಾಗಿ, ಮದುವೆಗೆ ಕಾನೂನಿನ ಅಡ್ಡಿಯಿಲ್ಲದವರಾಗಿ, ದಂಪತಿಯಂತೆ ಸಮಾಜದಲ್ಲಿ ಗುರುತಿಸಿಕೊಂಡು, ಗಣನೀಯ ಕಾಲ ಒಟ್ಟಿಗೆ ಬಾಳಿರಬೇಕೆಂದು ಸುಪ್ರೀಂ ಕೋರ್ಟ್ 2010ರಲ್ಲಿ ವಿವರಿಸಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 69ನೇ ಕಲಮು, ಈಡೇರಿಸುವ ಉದ್ದೇಶವೇ ಇಲ್ಲದೆ ಮದುವೆಯ ಮಾತು ಕೊಟ್ಟು ಹೆಣ್ಣಿನೊಂದಿಗೆ ದೈಹಿಕ ಸಂಬಂಧ ಬೆಳೆಸುವುದಕ್ಕೆ 10 ವರ್ಷಗಳವರೆಗೆ ಶಿಕ್ಷೆ ವಿಧಿಸುತ್ತದೆ. ಇಲ್ಲಿ ಸೂಕ್ಷ್ಮವೊಂದಿದೆ. ಕೊಟ್ಟ ಮಾತು ಮುರಿದದ್ದಷ್ಟೇ ಅಪರಾಧವಲ್ಲ. ಕೊಡುವಾಗಲೇ ಮನಸ್ಸಿನಲ್ಲಿ ಮೋಸವಿತ್ತೇ ಎಂಬುದು ಪ್ರಶ್ನೆ. ಕೈ ಕೊಟ್ಟವನಿಗೂ ಕೈ ಬಿಟ್ಟವನಿಗೂ ಆಡುಮಾತು ಮಾಡುವ ಭೇದ ಇದೇ ಎನ್ನಬಹುದು.

ಇನ್ನು ಮದುವೆ. ನಮ್ಮಲ್ಲಿ ಮದುವೆಯೆಂದರೆ ಬಹುಪಾಲು ಹಿರಿಯರು ನಿಶ್ಚಯಿಸಿದ್ದು. 2011–12ರ ಭಾರತ ಮಾನವ ಅಭಿವೃದ್ಧಿ ಸಮೀಕ್ಷೆಯಲ್ಲಿ ತಮ್ಮ ಗಂಡನನ್ನು ತಾವೊಬ್ಬರೇ ಆರಿಸಿಕೊಂಡೆವೆಂದ ಹೆಂಗಸರು ಶೇ. 5ರಷ್ಟು ಮಾತ್ರ. ಇಂಥ ಮದುವೆಯಲ್ಲಿ ನಂಬಿಕೆಯ ಮೊದಲ ಪದರವನ್ನು ಕಟ್ಟುವವರು ದಂಪತಿಗಳಲ್ಲ, ನೆಂಟರು. ಮಂಡ್ಯದ ಕಡೆ ಇದಕ್ಕೆ ‘ವಿಚಾರಿಸೋದು’ ಎಂಬ ಒಂದೇ ಪದವಿದೆ. ಹುಡುಗ ಕುಡಿಯುತ್ತಾನೆಯೇ, ಇಸ್ಪೀಟು ಉಂಟೇ, ಜಮೀನಿನ ಮೇಲೆ ಸಾಲವೆಷ್ಟು, ನಾಲೆಯ ನೀರು ಬರುತ್ತದೆಯೇ, ಅತ್ತೆ ಹೇಗೆ ಎಂದು ಸೋದರಮಾವಂದಿರು ಪಕ್ಕದ ಊರಿನ ಅಂಗಡಿ ಜಗುಲಿಯಲ್ಲಿ ಕುಳಿತು ಸಂಗ್ರಹಿಸುವ ಮಾಹಿತಿ ಅದು. ಬೆಂಚಿನ ಮೇಲಿನ ಹುಡುಗಿ ಒಬ್ಬಳೇ ಮಾಡಬೇಕಾದ ಕೆಲಸವನ್ನು ಇಲ್ಲಿ ಹತ್ತು ಜನ ಮಾಡುತ್ತಾರೆ. ಹುಡುಗಿಯ ಬಗ್ಗೆಯೂ ವಿಚಾರಿಸುತ್ತಾರೆ, ಆದರೆ ಅಲ್ಲಿ ಕೇಳುವುದು ಬೇರೆ: ಮುಂಚೆ ಯಾರಾದರೂ ಇದ್ದರೇ? ಒಬ್ಬರಲ್ಲಿ ಹುಡುಕುವುದು ಮುಂದಿನ ಆಸರೆಯನ್ನು, ಇನ್ನೊಬ್ಬರಲ್ಲಿ ಹುಡುಕುವುದು ಹಿಂದಿನ ಕಲೆಯನ್ನು. ನಂಬಿಕೆ ಎಂಬ ಒಂದೇ ಪದಕ್ಕೆ ಗಂಡಿಗೊಂದು ಹೆಣ್ಣಿಗೊಂದು ಅರ್ಥ ಬರುವುದು ಇಲ್ಲಿಂದಲೇ.

ಹೀಗೆ ಶುರುವಾದ ಸಂಸಾರದಲ್ಲಿ ಪ್ರೀತಿ ಬೆಳೆಯುತ್ತದೆಯೇ? ಉಷಾ ಗುಪ್ತ ಮತ್ತು ಪುಷ್ಪಾ ಸಿಂಗ್ 1982ರಲ್ಲಿ ಜೈಪುರದ 50 ದಂಪತಿಗಳ ಅಧ್ಯಯನವನ್ನು ಪ್ರಕಟಿಸಿದರು. ಬಳಸಿದ್ದು ರೂಬಿನ್ ಅವರ ಅಳತೆಯನ್ನೇ. ಪ್ರೇಮವಿವಾಹಿತರ ಅಂಕ ಆರಂಭದಲ್ಲಿ ಹೆಚ್ಚಿದ್ದು ವರ್ಷಗಳು ಕಳೆದಂತೆ ಇಳಿಯಿತು, ನಿಶ್ಚಯಿಸಿದ ಮದುವೆಯವರ ಅಂಕ ಕೆಳಗಿನಿಂದ ಏರಿ ಐದು ವರ್ಷ ದಾಟಿದವರಲ್ಲಿ ಅದನ್ನು ಮೀರಿತ್ತು. ಹಿರಿಯರಿಗೆ ಈ ಫಲಿತಾಂಶ ಎಷ್ಟು ರುಚಿಸಿತೆಂದರೆ ಇಂದಿಗೂ ಭಾಷಣಗಳಲ್ಲಿ ಅದು ಓಡಾಡುತ್ತಿದೆ. ಆದರೆ 50 ಜೋಡಿಗಳನ್ನು ಮದುವೆಯ ವಿಧ ಮತ್ತು ಅವಧಿಗೆ ತಕ್ಕಂತೆ ಹಂಚಿದರೆ ಒಂದೊಂದು ಗುಂಪಿನಲ್ಲಿ ಉಳಿಯುವವರು ಬೆರಳೆಣಿಕೆ. ಜೊತೆಗೆ ಒಂದೇ ದಂಪತಿಯನ್ನು ಹತ್ತು ವರ್ಷ ಹಿಂಬಾಲಿಸಿ ಅಳೆದದ್ದಲ್ಲ, ಬೇರೆ ಬೇರೆ ವಯಸ್ಸಿನ ದಾಂಪತ್ಯಗಳನ್ನು ಅಕ್ಕಪಕ್ಕ ಇಟ್ಟದ್ದು. ಅಮೆರಿಕದಲ್ಲಿ ನೆಲೆಸಿದ ಭಾರತೀಯರ ಮೇಲೆ 2012ರಲ್ಲಿ ಪ್ರಕಟವಾದ ಅಧ್ಯಯನವೊಂದು ಎರಡು ಬಗೆಯ ಮದುವೆಗಳ ನಡುವೆ ಪ್ರೀತಿಯಲ್ಲಾಗಲಿ ತೃಪ್ತಿಯಲ್ಲಾಗಲಿ ವ್ಯತ್ಯಾಸವನ್ನೇ ಕಾಣಲಿಲ್ಲ. ಜೈಪುರದ ಅಂಕಿಗಳನ್ನು ಹಿಡಿದು ಮಕ್ಕಳ ಮದುವೆ ತೀರ್ಮಾನಿಸುವುದು ಬೇಡ ಎಂದಷ್ಟೇ ಹೇಳಬಲ್ಲೆ.

ಎರಡು ಬಗೆಯ ಮದುವೆಗಳಲ್ಲಿ ನಿಜವಾಗಿ ಬೇರೆಯಾಗಿರುವುದು ತವರು. ನಿಶ್ಚಯಿಸಿದ ಮದುವೆಯಲ್ಲಿ ಗಂಡ ನಂಬಿಕೆ ಮುರಿದರೆ ಬೀಗರು ಸೇರುತ್ತಾರೆ, ನ್ಯಾಯ ಮಾಡುತ್ತಾರೆ, ಮಗಳು ಒಂದು ತಿಂಗಳು ಬಂದು ಇರುತ್ತಾಳೆ. ಆ ಒಂದು ತಿಂಗಳೇ ಗಂಡನಿಗೆ ಕೊಡುವ ಎಚ್ಚರಿಕೆ. ಮನೆಯವರನ್ನು ಎದುರಿಸಿ ಮದುವೆಯಾದವಳಿಗೆ ಆ ಬಾಗಿಲು ಮುಚ್ಚಿರುತ್ತದೆ. ‘ನೀನೇ ನೋಡ್ಕೊಂಡಿದ್ದಲ್ವಾ’ ಎಂಬ ಒಂದು ಮಾತು ಸಾಕು, ಹೊಸಿಲು ದಾಟಿ ಬರಲು ಆಗುವುದಿಲ್ಲ. ಆದ್ದರಿಂದ ಪ್ರೇಮವಿವಾಹವಾದ ಹೆಣ್ಣು ಗಂಡನ ಸಣ್ಣ ಬದಲಾವಣೆಗೂ ಬೆಚ್ಚುವುದನ್ನು ‘ಲವ್ ಮಾಡಿ ಮದುವೆಯಾದವರಿಗೆ ಅನುಮಾನ ಜಾಸ್ತಿ’ ಎಂದು ಸಾರಾಸಗಟಾಗಿ ತಳ್ಳಿಹಾಕುವುದು ಅನ್ಯಾಯ. ಅವಳ ಇಡೀ ಭಾರ ಒಂದೇ ಗಳುವಿನ ಮೇಲಿದೆ, ಅದು ಕಿರುಗುಟ್ಟಿದರೆ ಕೇಳಿಸಿಕೊಳ್ಳಲೇಬೇಕು. ತವರಿನ ಬಾಗಿಲಿಗೆ ಬೆಲೆಯೂ ಉಂಟು ಎಂಬುದನ್ನು ಮರೆಯಬಾರದು. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಡುವ ತಿದ್ದುಪಡಿ ದೇಶಕ್ಕೆ ಬಂದದ್ದು 2005ರಲ್ಲಿ, ಕರ್ನಾಟಕಕ್ಕೆ ಅದಕ್ಕೂ ಮೊದಲೇ 1994ರಲ್ಲಿ. ಆದರೂ ಎಷ್ಟೋ ಅಕ್ಕತಂಗಿಯರು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುತ್ತಾರೆ. ಅಣ್ಣನ ಮೇಲಿನ ಅಕ್ಕರೆ ಅದರಲ್ಲಿ ಇದ್ದೇ ಇರುತ್ತದೆ. ಗಂಡನ ಮನೆಯಲ್ಲಿ ನಂಬಿಕೆ ಕೆಟ್ಟ ದಿನಕ್ಕೊಂದು ಬಾಗಿಲು ಬೇಕೆಂಬ ಲೆಕ್ಕವೂ ಇರುತ್ತದೆ.

ದಂಪತಿಗಳ ಜಗಳದಲ್ಲಿ ಕಾಣುವ ‘ಸ್ವಭಾವ’ದ ಭೇದವನ್ನೂ ಹೀಗೆಯೇ ಬಿಡಿಸಿ ನೋಡಬಹುದು. ಹೆಂಡತಿ ಕೆದಕುತ್ತಾಳೆ, ಗಂಡ ಮಾತಾಡದೆ ಎದ್ದು ಅರಳಿಕಟ್ಟೆಗೆ ಹೋಗುತ್ತಾನೆ. ಹೆಂಗಸರು ಗೊಣಗುವ ಜಾತಿ, ಗಂಡಸರು ಮೌನದ ಜಾತಿ ಎಂದು ಎಲ್ಲರೂ ಒಪ್ಪಿಕೊಂಡಿದ್ದೇವೆ. ಆಂಡ್ರ್ಯೂ ಕ್ರಿಸ್ಟೆನ್ಸನ್ ಮತ್ತು ಕ್ರಿಸ್ಟೊಫರ್ ಹೀವಿ 1990ರಲ್ಲಿ ಒಂದು ಉಪಾಯ ಮಾಡಿದರು. ಒಮ್ಮೆ ಹೆಂಡತಿ ಬಯಸುವ ಬದಲಾವಣೆಯ ಬಗ್ಗೆ, ಇನ್ನೊಮ್ಮೆ ಗಂಡ ಬಯಸುವ ಬದಲಾವಣೆಯ ಬಗ್ಗೆ ಮಾತಾಡಲು ದಂಪತಿಗಳಿಗೆ ಹೇಳಿದರು. ಮೊದಲನೆಯದರಲ್ಲಿ ನಿರೀಕ್ಷಿಸಿದಂತೆ ಹೆಂಡತಿ ಒತ್ತಾಯಿಸಿದಳು, ಗಂಡ ಹಿಂದೆ ಸರಿದ. ಎರಡನೆಯದರಲ್ಲಿ ಆ ಭೇದ ಮಾಯವಾಯಿತು. ಬದಲಾವಣೆ ಬೇಕಾದವರು ಕೆದಕುತ್ತಾರೆ, ಇರುವುದೇ ಅನುಕೂಲವಾಗಿರುವವರು ಎದ್ದು ಹೋಗುತ್ತಾರೆ. ಅಡುಗೆ, ನೀರು, ಮಕ್ಕಳ ಶಾಲೆ, ಅತ್ತೆಯ ಔಷಧಿ ಎಲ್ಲವೂ ಒಬ್ಬಳ ಮೇಲಿರುವ ಮನೆಯಲ್ಲಿ ಬದಲಾವಣೆ ಬೇಕಾಗುವುದು ಯಾರಿಗೆ ಎಂದು ಹೇಳಬೇಕಾಗಿಲ್ಲ.

ಮದುವೆ ನಂಬಿಕೆಗೆ ಭದ್ರತೆ ಕೊಡುತ್ತದೆ ಎಂಬ ಮಾತು ಇಬ್ಬರಿಗೂ ಸಮನಾಗಿ ನಿಜವಲ್ಲ ಎಂಬುದಕ್ಕೆ ಎರಡು ಅಂಕಿಗಳಿವೆ. ಅಮೆರಿಕದ ಮೈಕೆಲ್ ರೋಸೆನ್‌ಫೆಲ್ಡ್ 2009ರಿಂದ 2015ರವರೆಗೆ ಜೋಡಿಗಳನ್ನು ಹಿಂಬಾಲಿಸಿದ ಸಮೀಕ್ಷೆಯ ಆಧಾರದ ಮೇಲೆ ಹೇಳಿದ್ದು: ವಿಚ್ಛೇದನಗಳಲ್ಲಿ ಶೇ. 69ರಷ್ಟನ್ನು ಬಯಸಿದವರು ಹೆಂಗಸರು. ಮದುವೆಯಾಗದ ಜೋಡಿಗಳು ಮುರಿದಾಗ ಮಾತ್ರ ಇಬ್ಬರ ಪಾಲೂ ಹೆಚ್ಚುಕಡಿಮೆ ಸಮ. ಹೆಂಗಸರು ಸ್ವಭಾವತಃ ಚಂಚಲರಾಗಿದ್ದರೆ ಎರಡೂ ಕಡೆ ಅದು ಕಾಣಬೇಕಿತ್ತು. ಹೊರೆ ಇರುವುದು ಮದುವೆ ಎಂಬ ವ್ಯವಸ್ಥೆಯಲ್ಲಿ ಎಂದು ಅವರು ವಾದಿಸಿದರು. ಎರಡನೆಯ ಅಂಕಿ ನಮ್ಮ ಮನೆಯದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 18ರಿಂದ 49 ವರ್ಷದ, ಮದುವೆಯಾದ ಹೆಂಗಸರಲ್ಲಿ ಶೇ. 44.4ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದಾರೆ. ಅದರ ಹಿಂದಿನ ಸಮೀಕ್ಷೆಯಲ್ಲಿ ಇದು ಶೇ. 20.6 ಇತ್ತು. ಹಿಂಸೆ ಹೆಚ್ಚಿತೋ, ಹೇಳುವ ಧೈರ್ಯ ಹೆಚ್ಚಿತೋ ಎಂದು ಈ ಅಂಕಿಯೊಂದರಿಂದಲೇ ತೀರ್ಮಾನಿಸಲಾಗದು.

ಹಣದ ವಿಷಯದಲ್ಲಿ ಲೆಕ್ಕ ಸ್ವಲ್ಪ ಸರಿದಿದೆ. ಅದೇ ಸಮೀಕ್ಷೆಯಲ್ಲಿ ರಾಜ್ಯದ ಶೇ. 88.7ರಷ್ಟು ಹೆಂಗಸರಿಗೆ ತಾವೇ ಬಳಸುವ ಬ್ಯಾಂಕ್ ಖಾತೆ ಇತ್ತು. 2023ರ ಆಗಸ್ಟ್ 30ರಂದು ಮೈಸೂರಿನ ಮಹಾರಾಜ ಕಾಲೇಜು ಮೈದಾನದಲ್ಲಿ ಚಾಲನೆಗೊಂಡ ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿ ಮನೆಯ ಯಜಮಾನಿಯ ಖಾತೆಗೆ ನೇರವಾಗಿ ಹೋಗುತ್ತದೆ. ಅದರಿಂದ ಸಂಸಾರ ತೂಗುವುದಿಲ್ಲ. ಆದರೆ ‘ಈ ತಿಂಗಳು ಬಂತಾ?’ ಎಂದು ಗಂಡ ಕೇಳುವ ಮನೆಯಲ್ಲಿ ಒಮ್ಮೆಯಾದರೂ ನಂಬಬೇಕಾದವನ ಸ್ಥಾನಕ್ಕೆ ಅವನು ಬಂದು ಕೂರುತ್ತಾನೆ. ನೆಚ್ಚಿಕೊಳ್ಳುವುದು ಎಂದರೇನೆಂದು ತಿಳಿಯಲು ಎರಡು ಸಾವಿರ ದೊಡ್ಡ ಮೊತ್ತವಲ್ಲ.

ಅಸೂಯೆಯ ವಿಷಯವನ್ನು ಚುಟುಕಾಗಿ ಹೇಳಿ ಮುಂದಕ್ಕೆ ಹೋಗುತ್ತೇನೆ. ಗಂಡಸರನ್ನು ಸಂಗಾತಿಯ ದೈಹಿಕ ದ್ರೋಹ ಹೆಚ್ಚು ನೋಯಿಸುತ್ತದೆ, ಹೆಂಗಸರನ್ನು ಮನಸ್ಸಿನ ದ್ರೋಹ ಹೆಚ್ಚು ನೋಯಿಸುತ್ತದೆ ಎಂಬ ಡೇವಿಡ್ ಬಸ್ ಮತ್ತು ಸಂಗಡಿಗರ 1992ರ ಅಧ್ಯಯನ ಬಹಳ ಪ್ರಸಿದ್ಧ. ಅಲ್ಲಿ ಎರಡರಲ್ಲಿ ಒಂದನ್ನು ಆರಿಸಲೇಬೇಕಿತ್ತು. ಎರಡನ್ನೂ ಬೇರೆ ಬೇರೆಯಾಗಿ ಅಂಕ ಕೊಟ್ಟು ಅಳೆಯಲು ಹೇಳಿದ ಹಲವು ಅಧ್ಯಯನಗಳಲ್ಲಿ ಆ ಅಂತರ ಕುಗ್ಗಿತು ಅಥವಾ ಕಾಣದೆಹೋಯಿತು. ನಮ್ಮ ದೇಶದ ಕಾನೂನು ಮಾತ್ರ 1860ರಿಂದ ಒಂದೇ ಬಗೆಯ ನೋವನ್ನು ಎಣಿಸಿತ್ತು: ದಂಡ ಸಂಹಿತೆಯ 497ನೇ ಕಲಮಿನಲ್ಲಿ ವ್ಯಭಿಚಾರವೆಂದರೆ ಒಬ್ಬ ಗಂಡನ ವಿರುದ್ಧ ಇನ್ನೊಬ್ಬ ಗಂಡಸು ಎಸಗುವ ಅಪರಾಧ. ಗಂಡನ ದ್ರೋಹದ ಮೇಲೆ ಹೆಂಡತಿ ಆ ಕಲಮಿನಡಿ ದೂರು ಕೊಡುವಂತೆಯೇ ಇರಲಿಲ್ಲ. ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿದ್ದು 2018ರ ಸೆಪ್ಟೆಂಬರ್ 27ರಂದು.

ಮಂಡ್ಯದ ಮಾತು ಬಂದ ಮೇಲೆ 2023ರ ಫೆಬ್ರವರಿಯ ಬ್ರಹ್ಮಚಾರಿಗಳ ಪಾದಯಾತ್ರೆಯನ್ನು ಬಿಡುವಂತಿಲ್ಲ. ಹೆಣ್ಣು ಸಿಗದ, ಹೆಚ್ಚಾಗಿ ರೈತಕುಟುಂಬಗಳ ಯುವಕರು ಮದುವೆಯ ಹರಕೆ ಹೊತ್ತು ಮಂಡ್ಯ ಜಿಲ್ಲೆಯಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ನಡೆದರು. ನಗುವ ಸುದ್ದಿಯಾಗಿ ಓಡಾಡಿದ ಈ ಸಂಗತಿಯಲ್ಲಿ ನಂಬಿಕೆಯ ಪಾಠವೊಂದಿದೆ. ಹೆಣ್ಣುಗಳ ಸಂಖ್ಯೆ ಕಡಿಮೆಯಾದ ಕಡೆ ಜೋಡಿಯೊಳಗಿನ ಬಲ ಹೆಣ್ಣಿನ ಕಡೆ ವಾಲಬೇಕು, ಗಂಡಸರು ಹೆಚ್ಚು ನಿಷ್ಠರಾಗಬೇಕು ಎಂಬುದು ಮಾರ್ಸಿಯಾ ಗುಟೆನ್‌ಟಾಗ್ ಮತ್ತು ಪಾಲ್ ಸೆಕೊರ್ಡ್ 1983ರಲ್ಲಿ ಮಂಡಿಸಿದ ಸಿದ್ಧಾಂತ. ಅದಕ್ಕೆ ಅವರೇ ಒಂದು ಅಡ್ಡಿಯನ್ನೂ ಸೂಚಿಸಿದ್ದರು: ಸಮಾಜದ ಅಧಿಕಾರ ಗಂಡಸರ ಕೈಯಲ್ಲೇ ಇದ್ದರೆ, ಹೆಣ್ಣು ಅಪರೂಪವಾದಷ್ಟೂ ಅವಳ ಮೇಲಿನ ಕಾವಲು ಬಿಗಿಯಾಗುತ್ತದೆ. ಹೆಣ್ಣು ಭ್ರೂಣಗಳನ್ನು ಪತ್ತೆಮಾಡಿ ಕೊಲ್ಲುತ್ತಿದ್ದ ಜಾಲ ಮಂಡ್ಯದ ಆಲೆಮನೆಯೊಂದನ್ನು ಬಳಸಿಕೊಂಡಿದ್ದು ಬಯಲಾದದ್ದು ಅದೇ ವರ್ಷದ ಕೊನೆಯಲ್ಲಿ. ಇನ್ನೊಂದು ಕಡೆ, ಓದಿದ ಹುಡುಗಿಯರು ಬೇಸಾಯದ ಮನೆ ಬೇಡವೆನ್ನುವುದನ್ನು ಅವರ ದುರಾಸೆ ಎಂದು ಬೈಯುವವರು ಹೆಚ್ಚು. ಆ ಮನೆಯಲ್ಲಿ ಸೊಸೆಯ ದಿನ ಎಷ್ಟು ಗಂಟೆಗೆ ಶುರುವಾಗುತ್ತದೆ, ಅವಳ ಕೈಗೆ ಬರುವ ದುಡ್ಡು ಎಷ್ಟು, ಅವಳ ಮಾತಿಗೆ ಬೆಲೆ ಎಷ್ಟು ಎಂದು ತಾಯಂದಿರನ್ನು ನೋಡಿಯೇ ಆ ಹುಡುಗಿಯರು ಲೆಕ್ಕ ಹಾಕಿದ್ದಾರೆ. ವಿಚಾರಿಸುವ ಕೆಲಸವನ್ನು ಈಗ ಸೋದರಮಾವಂದಿರಿಗೆ ಬಿಡದೆ ಅವರೇ ಮಾಡುತ್ತಿದ್ದಾರೆ.

ಇಷ್ಟು ಅಂಕಿಗಳನ್ನು ಹೇಳಿದ ಮೇಲೆ ಅವುಗಳನ್ನು ಕಲೆಹಾಕುವ ಬಗೆಯನ್ನೂ ಹೇಳುವುದು ನ್ಯಾಯ. ಪ್ರೀತಿಯ ಅಳತೆಗಳೆಲ್ಲ ಬಾಯಿಮಾತಿನ ಉತ್ತರಗಳು. ಹಲವು ಅಧ್ಯಯನಗಳು ಅಮೆರಿಕದ ಕಾಲೇಜು ವಿದ್ಯಾರ್ಥಿಗಳ ಮೇಲೆ ನಡೆದವು. ಗಂಡು ಹೆಣ್ಣಿನ ಮನೋಭೇದಗಳ ಬಗ್ಗೆ ನಡೆದ, ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡುವ 46 ಸಮಗ್ರ ವಿಶ್ಲೇಷಣೆಗಳನ್ನು 2005ರಲ್ಲಿ ಪರಿಶೀಲಿಸಿದ ಜಾನೆಟ್ ಹೈಡ್, ಅವುಗಳಲ್ಲಿ ದಾಖಲಾದ ಭೇದಗಳ ಪೈಕಿ ಶೇ. 78ರಷ್ಟು ಅತ್ಯಲ್ಪ ಅಥವಾ ಶೂನ್ಯಕ್ಕೆ ಹತ್ತಿರ ಎಂದು ತೋರಿಸಿದರು. ನಮ್ಮ ಹಳ್ಳಿಯ ನಡುಮನೆಯಲ್ಲಿ ಅತ್ತೆ ಬಾಗಿಲಲ್ಲಿ, ಗಂಡ ಜಗುಲಿಯಲ್ಲಿ ಕುಳಿತಿರುವಾಗ ‘ನಿಮ್ಮ ಯಜಮಾನರ ಮೇಲೆ ನಂಬಿಕೆ ಇದೆಯಾ?’ ಎಂದು ಸಮೀಕ್ಷೆಯವರು ಕೇಳಿದರೆ ಬರುವ ಉತ್ತರ ‘ಹೂಂ’ ಎಂಬ ಒಂದೇ ಅಕ್ಷರ. ಈ ತೊಂದರೆಯನ್ನು ಅರಿತೇ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಹಿಂಸೆಯ ಪ್ರಶ್ನೆಗಳಿಗೆ ಒಂದು ನಿಯಮ ಮಾಡಿದ್ದಾರೆ: ಒಂದು ಮನೆಯಲ್ಲಿ ಒಬ್ಬಳೇ ಹೆಂಗಸಿಗೆ ಅವುಗಳನ್ನು ಕೇಳಬೇಕು, ಬೇರೆ ಯಾರೂ ಇಲ್ಲದಾಗ ಕೇಳಬೇಕು, ಏಕಾಂತ ಸಿಗದಿದ್ದರೆ ಆ ಭಾಗವನ್ನು ಕೇಳದೆ ಬಿಟ್ಟು ಎದ್ದು ಬರಬೇಕು.